ಸಾಯದ ರಾಜನ ಕಿರೀಟ

...ಕೂತ್ಕೊಳಯ್ಯಾ ಜಯರಾಮ, ಕೂತ್ಕೋ! ಕಿರೀಟ ಎಲ್ಲಿಗೂ ಓಡಿಹೋಗಲ್ಲ. ಇದೇ ಗ್ಯಾರೇಜಿನಲ್ಲಿ ಹತ್ತು ವರ್ಷದಿಂದ ಬಿದ್ದಿದೆ. ಅಯ್ಯೋ, ಆ ಪೆಟ್ಟಿಗೆ ಅಲ್ಲ, ಅದರಲ್ಲಿ ದೀಪಾವಳಿಗೆ ಅಂತ ತಂದ ಕ್ರಿಸ್ಮಸ್ ದೀಪ ಇದೆ. ತಡಿ, ನಾನೇ ಹುಡುಕ್ತೀನಿ. ಯಾಕೆ ಬಾಗಿಲ ಕಡೆ ನೋಡ್ತೀಯ? ಓಕ್ಲ್ಯಾಂಡಿಂದ ಮಿಲ್ಪಿಟಾಸ್‌ವರೆಗೆ ಕಾರು ಓಡಿಸ್ಕೊಂಡು ಬಂದಿದೀಯ, ಒಂದು ಲೋಟ ಕಾಫಿ ಕುಡಿಯೋಕೆ ಪುರುಸೊತ್ತಿಲ್ವಾ?

ಹತ್ತು ವರ್ಷ ಆಯ್ತು ಅಂತ ಕನ್ನಡ ಸಂಘದವರು ನಮ್ಮ ‘ವಿಜಯಕೇತು’ ನಾಟಕ ಮತ್ತೆ ಆಡ್ತಾರಂತೆ. ಆಡ್ಲಿ! ಎಪ್ಪತ್ತೇಳರಲ್ಲಿ ಈ ಅಮೆರಿಕಾದಲ್ಲಿ ನಾವು ಆಡಿದಾಗ ಏನಯ್ಯಾ ಇತ್ತು? ಪರದೆಗೆ ಬೆಡ್‌ಶೀಟು, ಯುದ್ಧದ ನಗಾರಿಗೆ ಕಸದ ಡಬ್ಬ. ನಿನ್ನ ಹಾರ್ಮೋನಿಯಂ, ನನ್ನ ಗಂಟಲು. ಅಷ್ಟೇ! ಆಡಿಸಿದವನು ನಾನು, ರಾಜ ನಾನು, ಕಿರೀಟ ಅಂಟಿಸಿದವನೂ ನಾನೇ.

ಈಗ ಆ ಹಳಬರೆಲ್ಲ ಎಲ್ಲಿದ್ದಾರೆ, ಹೇಳು? ರಾಣಿ ಆಗಿದ್ದ ಮೈಥಿಲಿ ಲಾಸ್ ಆಲ್ಟೋಸ್‌ನಲ್ಲಿ ದೊಡ್ಡ ದೊಡ್ಡ ಮನೆ ಮಾರ್ತಾಳೆ. ಫೋನ್ ಮಾಡಿದ್ರೆ ಮಿಷಿನ್ನು ಮಾತಾಡುತ್ತೆ, ಅದೂ ಇಂಗ್ಲಿಷಲ್ಲಿ. ಮಂತ್ರಿ ದೇವೇಂದ್ರಪ್ಪ? ಆಸ್ಪತ್ರೇಲಿ ದೊಡ್ಡ ಡಾಕ್ಟ್ರು. ಆಗ ಒಂದು ಮಾತೂ ಬಾಯಿಗೆ ಬರ್ತಿರಲಿಲ್ಲ, ಪರದೆ ಹಿಂದೆ ನಿಂತು ನಾನು ಹೇಳಿಕೊಡಬೇಕಿತ್ತು. ಸೇನಾಪತಿ ಶಿವರಾಮುಗೆ ಮಂಡಿ ನೋವು. ಕತ್ತಿ ಹಿಡಿದು ಬಗ್ಗಿದ್ರೆ ಎಬ್ಬಿಸೋಕೆ ಇಬ್ಬರು ಬೇಕು. ನಗ್ತೀಯಾ? ನಗು, ನಗು! ಇವರನ್ನೆಲ್ಲ ಕಟ್ಕೊಂಡು ಯಾವ ನಾಟಕ ಆಡ್ತೀರ? ಹಳಬರು ಯಾರೂ ಬರಲ್ಲ ಕಣಯ್ಯಾ... ಯಾರೂ ಬರಲ್ಲ.

ಅದಕ್ಕೇ ನಾನೂ ಒಲ್ಲೆ ಅಂದೆ. ಹೂಂ ಮತ್ತೆ, ಕರೆದ್ರು! ಈಗ ಡೈರೆಕ್ಟರು ಶೇಷಾದ್ರಿ ತಾನೆ, ಅವನೇ ಫೋನ್ ಮಾಡಿದ್ದ. ‘ನಂಜುಂಡಸ್ವಾಮಿಗಳೇ, ನೀವಿಲ್ಲದೆ ಆಗಲ್ಲ’ ಅಂದ. ‘ಬೇಡಪ್ಪಾ, ನನ್ನ ಕಾಲ ಆಯ್ತು’ ಅಂದೆ... ಏನು ಹಾಗೆ ನೋಡ್ತೀಯ? ಕಾಫಿ ಆರಿಹೋಗುತ್ತೆ, ಕುಡಿ.

ಗೊತ್ತು ಬಿಡು, ನಿನ್ನ ತಲೇಲಿ ಏನು ಓಡ್ತಿದೆ ಅಂತ. ಆ ದಿನದ್ದು! ಯುದ್ಧದಲ್ಲಿ ಬಿದ್ದೆ, ಹಾಡಿದೆ, ಸತ್ತೆ. ಜನ ‘ಒನ್ಸ್ ಮೋರ್’ ಅಂತ ಕೂಗಿದ್ರು. ಕೂಗಿದ್ರೋ ಇಲ್ವೋ, ನೀನೇ ಹೇಳು! ಮಂಡ್ಯದ ಕಡೆ ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಅಂದ್ಮೇಲೆ ಹೆಣ ಕೂಡ ಏಳಬೇಕು. ಎದ್ದೆ, ಹಾಡಿದೆ, ಸತ್ತೆ. ಮತ್ತೆ ಕೂಗಿದ್ರು. ಮತ್ತೆ ಎದ್ದೆ! ಅಷ್ಟರಲ್ಲಿ ಟೈಮ್ ಮುಗೀತು ಅಂತ ನಾವು ನಾಟಕಕ್ಕೆ ಬಾಡಿಗೆ ಹಿಡಿದಿದ್ದ ಸ್ಕೂಲಿನ ವಾಚ್‌ಮನ್ನು ದೀಪ ಆರಿಸಿಬಿಟ್ಟ. ಸತ್ತವನು ಯಾಕೆ ಎದ್ದೆದ್ದು ಹಾಡ್ತಾನೆ ಅಂತ ಅವನಿಗೇನು ಗೊತ್ತು, ಪಾಪ! ಕತ್ತಲಲ್ಲಿ ಮಕ್ಕಳು ಕಿರುಚಿದ್ದು, ಮುಂದಿನ ವರ್ಷ ಆಡಿಟೋರಿಯಂ ಸಿಗದೇ ಹೋಗಿದ್ದು, ಎಲ್ಲಾ ನನ್ನ ತಲೆಗೆ ಕಟ್ಟಿದ್ರು. ಇವತ್ತಿಗೂ ಯಾರ ಮನೆ ಊಟಕ್ಕೆ ಹೋದ್ರೂ ‘ಸಾಯದ ರಾಜ ಬಂದ’ ಅಂತ ನಗ್ತಾರೆ. ಹೊಟ್ಟೆ ಉರಿಯುತ್ತೆ ಕಣೋ!

ಹಾಂ, ಸಿಕ್ತು ತಗೋ. ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು, ಬಂಗಾರದ ಕಾಗದ. ಇನ್ನೂ ಹೆಂಗೆ ಹೊಳೀತಿದೆ ನೋಡು! ಇದು ಯಾರ ತಲೆಗೆ, ಜಯರಾಮ? ಹೇಳು, ನಾನೇನೂ ಬೇಜಾರು ಮಾಡ್ಕೊಳಲ್ಲ. ಶೇಷಾದ್ರಿಗೇನಾ?... ಹೇಳೋ ಮಾರಾಯ!

ಮತ್ತೆ ಬಾಗಿಲ ಕಡೆ ನೋಡ್ತೀಯ. ಸರಿ.

ಹೊರಗೆ ನಿನ್ನ ಕಾರಿನಲ್ಲಿ ಮೈಥಿಲಿ ಕೂತಿದ್ದಾಳೆ. ಹಿಂದಿನ ಸೀಟಲ್ಲಿ ಶಿವರಾಮು, ದೇವೇಂದ್ರಪ್ಪ. ನೀನು ಬೆಲ್ಲು ಒತ್ತೋಕೆ ಮುಂಚೆನೇ ಅಡುಗೆಮನೆ ಕಿಟಕಿಯಿಂದ ನೋಡಿದೆ. ಎಲ್ಲಾ ಪ್ರಾಕ್ಟೀಸಿಗೆ ಹೊರಟಿದೀರ. ಎಲ್ಲಾ! ನನಗೆ ಯಾವ ಶೇಷಾದ್ರಿಯೂ ಫೋನ್ ಮಾಡಿಲ್ಲ, ಅದು ನಿನಗೂ ಗೊತ್ತು. ಅಲ್ಲಯ್ಯಾ, ಒಳಗೆ ಬಂದು ‘ಹೇಗಿದೀಯಪ್ಪಾ’ ಅನ್ನೋಕೆ ಅವರಿಗೇನು ಬಂದಿತ್ತು?

ಹೋಗು, ಕಾಯ್ತಿದ್ದಾರೆ. ಹುಷಾರು, ಕಿರೀಟದ ಅಂಚು ಬಿಟ್ಕೊಂಡಿದೆ... ಜಯರಾಮ, ನಿಲ್ಲು. ಅವರಿಗೊಂದು ಮಾತು ಹೇಳಯ್ಯಾ. ಈ ಸಲ ಒಂದೇ ಸಲ ಸಾಯ್ತೀನಿ. ಯಾರು ಎಷ್ಟೇ ಕೂಗಲಿ, ಏಳಲ್ಲ. ಆಣೆಗೂ ಏಳಲ್ಲ.

ಹೇಳ್ತೀಯಾ?... ಜಯರಾಮಾ?