ಗಾಳಿ ಹೊಕ್ಕ ಬೆಸುಗೆ

…ನಗಬೇಡಿ ಸ್ಟಿಪೆ ಭಾವ, ನಾನೇನು ಆ ಹೊಸ ಬೆಸುಗೆ ಯಂತ್ರದ ವಕೀಲಳಲ್ಲ. ಈ ಹೆಂಡರ್ಸನ್ ಶೆಡ್ಡಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಫೆರ್ರಿ ದೋಣಿಗಳ ತಗಡು ಬೆಸೆದವಳು. ಪರೀಕ್ಷೆಯಲ್ಲಿ ಅದು ಪಾಸಾಯ್ತು ಅಂತ ಇನ್‌ಸ್ಪೆಕ್ಟರ್ ಹೇಳಿಹೋದರೆ ನನ್ನ ಮುಖ ಯಾಕೆ ನೋಡ್ತೀರಿ? ಬರೋ ತಿಂಗಳಿಂದ ನಮ್ಮೆಲ್ಲರ ಕೆಲಸ ಅದೊಂದೇ ಮಾಡುತ್ತೆ. ಕೆಲಸ ಹೋಗಿ ಮನೆ ಸೇರೋರಲ್ಲಿ ನಿಮ್ಮ ತಮ್ಮನ ಹೆಂಡತಿ ನಾನೂ ಇದ್ದೀನಿ, ಮರೀಬೇಡಿ.

ಆದರೂ ಆ ಎಂಜಿನಿಯರ್ ಹುಡುಗಿ ಕರ್ಸ್ಟಿ ಹೇಳಿದ್ದು ಸುಳ್ಳಲ್ಲ. ಲೇಸರ್ ಬೆಳಕೊಂದನ್ನೇ ಹಾಯಿಸಿದರೆ ಅಲ್ಯೂಮಿನಿಯಂ ಕನ್ನಡಿ ಥರ, ಬೆಳಕನ್ನ ವಾಪಸ್ ಎಸೆಯುತ್ತೆ. ನಮ್ಮ ಆರ್ಕ್, ಆ ಕರೆಂಟಿನ ಕಿಡಿ, ಒಂದೇ ಆದರೆ ಅಗಲಕ್ಕೆ ಹರಡುತ್ತೆ, ಆಳಕ್ಕಿಳಿಯಲ್ಲ, ತಗಡು ಬಾಡಿದ ಎಲೆ ಥರ ಮುರುಟುತ್ತೆ. ಈ ಯಂತ್ರದಲ್ಲಿ ಹಾಗೆ ಎರಡೂ ಒಟ್ಟಿಗೆ ಹೋದರೆ… ಆರ್ಕ್ ಮೇಲ್ಮೈ ಕರಗಿಸಿ ಕೊಡುತ್ತೆ, ಬೆಳಕು ಒಳಗೆ ನುಗ್ಗುತ್ತೆ, ಅದರ ಜಾಡಿನಲ್ಲೇ ಆರ್ಕ್ ಅಲುಗಾಡದೆ ಸಾಗುತ್ತೆ. ನಮ್ಮ ಇಡೀ ಬೆಳಗಿನ ಕೆಲಸ, ಟೀ ಆರುವಷ್ಟರಲ್ಲಿ.

ಹೂಂ, ಅದು ಬೆಸೆದ ಪರೀಕ್ಷೆಯ ತಗಡಿನಲ್ಲಿ ತೂತು ಬಿದ್ದಿತ್ತು. ಯಾರು ಇಲ್ಲ ಅಂದರು? ನಿನ್ನೆ ಮಧ್ಯಾಹ್ನ ಸೆಖೆ ಅಂತ ನೀವು ಸಮುದ್ರದ ಕಡೆಯ ದೊಡ್ಡ ಬಾಗಿಲು ತೆರೆದಿರಿ. ಸರಿಯಾಗಿ ಗಾಳಿ ಏಳೋ ಹೊತ್ತಿಗೇ ಸೆಖೆಯಾಯ್ತು ನಿಮಗೆ, ಪಾಪ. ಬೆಸುಗೆಗೆ ಗಾಳಿ ತಾಗದ ಹಾಗೆ ಕಾಯೋ ಗ್ಯಾಸನ್ನ ಗಾಳಿ ಹೊತ್ತುಕೊಂಡು ಹೋಯ್ತು, ಒಂದು ಮೊಳ ಬೆಸುಗೆ ಜರಡಿಯಾಯ್ತು. ಬಾಗಿಲ ಸುದ್ದಿ ನಾನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಉಪಾಯ ಚೆನ್ನಾಗೇ ಇತ್ತು.

ಇವತ್ತು ಎಕ್ಸ್-ರೇಯಲ್ಲಿ ಒಂದು ತೂತೂ ಕಾಣಲಿಲ್ಲ ಅಂದರೆ ನಾನೇನು ಮಾಡಲಿ? ತಾನೇ ಮುಚ್ಚಿಕೊಂಡಿರಬಹುದು. ಹೊಸ ಯಂತ್ರ, ಏನೇನು ವಿದ್ಯೆ ಕಲಿತಿದೆಯೋ. ‘ನೋಡಿದಿರಾ ನೆವೆಂಕಾ, ಯಂತ್ರದ ಕೈಗೆ ಸುಸ್ತಿಲ್ಲ’ ಅಂದ ಇನ್‌ಸ್ಪೆಕ್ಟರ್. ಹೌದಪ್ಪ ಅಂದೆ.

ನಿನ್ನೆ ಎಲ್ಲರೂ ಟೀಗೆ ಹೋದಾಗ ನಾನಾ? ಇಲ್ಲೇ ಇದ್ದೆ. ಕಾಲು ನೋಯ್ತಿತ್ತು.

ಎಲ್ಲಿಗೆ ಹೊರಟಿರಿ? ಆ ತಗಡು ಮುಟ್ಟಿ ಏನು ನೋಡ್ತೀರಿ, ಎಲ್ಲ ಒಂದೇ ಥರ ಇದೆ…

ಬೆರಳು ಅಲ್ಲೇ ಯಾಕೆ ನಿಂತಿತು? ಅಲ್ಲಿ ಬೆಸುಗೆಯ ಅಲೆ ಸ್ವಲ್ಪ… ಒತ್ತೊತ್ತಾಗಿದೆ, ಅಷ್ಟೆ. ಯಂತ್ರವೂ ಒಮ್ಮೊಮ್ಮೆ ನಿಧಾನ ಮಾಡುತ್ತೇನೋ.

ಭಾವ, ಬೇಕಾದರೆ ಬೈಯಿರಿ.

…ಹಾಗೆ ನೋಡಬೇಡಿ. ನನ್ನ ಕೈಗೆ ಮೊದಲ ಸಲ ಬೆಸೆಯೋ ಟಾರ್ಚ್ ಕೊಟ್ಟವರು ನೀವು. ತೂತಿರೋ ಬೆಸುಗೆ ಬಿಟ್ಟು ಕೈ ತೊಳೆಯೋದನ್ನ ಮಾತ್ರ ಕಲಿಸಲೇ ಇಲ್ಲ.