ವಾಲ್‌ಫ್ಲವರ್ ಪಾತಿಯ ಕಳೆ

ವೇದಿಕೆಯ ಮೇಲಿರುವ ಹಿರಿಯರೇ, ಶನಿವಾರಸಂತೆ ಸುತ್ತಿನ ಎಸ್ಟೇಟುಗಳಿಂದ ಅರ್ಧ ದಿನದ ಕೆಲಸ ಬಿಟ್ಟು ಬಂದಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಸಾಲಿನಲ್ಲಿ ಕೂತಿರುವ ವಿಶಾಲಾಕ್ಷಮ್ಮಕ್ಕ, ಮಗಳು ವೀಣಾ — ಎಲ್ಲರಿಗೂ ನಮಸ್ಕಾರ. ನಾನು ಸುಬ್ಬ. ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ, ಆದರೂ ಹೇಳುತ್ತೇನೆ. ಬಂಗಲೆ ತೋಟದ ಹೆಡ್ ಮಾಲಿ. ಓದಿದ್ದು ಏಳನೇ ಕ್ಲಾಸು, ಹೂವಿನ ಪ್ರದರ್ಶನದಲ್ಲಿ ಗೆದ್ದ ಕಪ್ಪು ಒಂಬತ್ತು.

ಸಣ್ಣಸ್ವಾಮಿಯವರು ಹೋದ ವಾರ ತೀರಿಕೊಂಡರು. ಒಳ್ಳೆಯವರು, ಶಿಸ್ತಿನವರು ಎಂದು ನನಗಿಂತ ಮೊದಲು ಮಾತಾಡಿದವರು ಹೇಳಿದ್ದಾರೆ. ಅದನ್ನೇ ಮತ್ತೆ ಹೇಳುವುದಿಲ್ಲ. ಅವರ ಮೇಲಿರುವ ಒಂದು ಅಪವಾದ ತೆಗೆಯಬೇಕಿದೆ. ಅದನ್ನು ಅವರ ಹೆಂಡತಿ ವಿಶಾಲಾಕ್ಷಮ್ಮಕ್ಕ ಕೇಳಲೇಬೇಕು.

ಇಪ್ಪತ್ತೆರಡು ವರ್ಷದ ಹಿಂದೆ ಅವರು ಹೆಡ್ ಮಾಲಿ, ನಾನು ಅವರ ಕೈಕೆಳಗೆ. ಬಂಗಲೆ ಅಮ್ಮಾವರು ಊಟಿಯಿಂದ ವಾಲ್‌ಫ್ಲವರ್ ಬೀಜ ತರಿಸಿದರು. ಮಡಿಕೇರಿಯ ಪ್ರದರ್ಶನಕ್ಕೆ ಆ ಹೂವೇ ಹೋಗಬೇಕು. ಬೀಜ ಹಾಕುವಾಗ ಸಣ್ಣಸ್ವಾಮಿಯವರು ಪಾಠ ಮಾಡಿದರು — ಸಾಸಿವೆ, ಮೂಲಂಗಿ, ಕೋಸು, ಈ ವಾಲ್‌ಫ್ಲವರ್, ಎಲ್ಲವೂ ಒಂದೇ ಮನೆಯವು. ಹೂವಿಗೆ ನಾಲ್ಕೇ ಎಸಳು — ಹೀಗೆ, ಎದುರುಬದುರು. ನಾನು ಅರ್ಧ ಕೇಳಿದೆ. ಹಾರಂಗಿ ಕಡೆಯ ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಸಾಸಿವೆ ಹಾಕಿ ಬೆಳೆದವನು ನಾನು, ನನಗೆ ಸಾಸಿವೆ ಪಾಠವೇ?

ವಾಲ್‌ಫ್ಲವರ್ ಸಸಿ ಎದ್ದವು. ಕೊಟ್ಟಿಗೆ ಗೊಬ್ಬರದ ಜೊತೆ ಬಂದ ಕಾಡು ಸಾಸಿವೆಯೂ ಅದೇ ಪಾತಿಯಲ್ಲಿ ಎದ್ದಿತು. ಆಗಲೇ ವೀಣಾಳಿಗೆ ಗಂಡು ನೋಡಲು ಅವರು ನಾಲ್ಕು ದಿನ ರಜೆ ಹೋದರು. ಕಳೆ ತೆಗೆಯುವ ಕೆಲಸ ನನ್ನದಾಯಿತು. ನಾನು ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಯೋಚಿಸಿದೆ — ವಾಲ್‌ಫ್ಲವರ್ ಸಾಸಿವೆ ಮನೆಯದು ತಾನೆ? ಹಾಗಾದರೆ ಸಾಸಿವೆ ಥರ ಕಾಣುವುದೇ ಅದು. ಅಗಲ ಎಲೆಯದನ್ನೆಲ್ಲ ಜೋಪಾನವಾಗಿ ಬಿಟ್ಟೆ. ಸಣ್ಣ ಎಲೆಯ ಸಣಕಲು ಸಸಿಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಪಾತಿಯಲ್ಲಿ ಒಂದನ್ನೂ ಉಳಿಸಲಿಲ್ಲ. ಕೆಲಸ ಅಂದರೆ ಕೆಲಸ.

ನಗಿ, ಪರವಾಗಿಲ್ಲ — ಅವರೂ ನಕ್ಕರು. ರಜೆ ಮುಗಿಸಿ ಬಂದು, ಪಾತಿ ನೋಡಿ, ಒಂದು ಸಾಸಿವೆ ಎಲೆ ಚಿವುಟಿ ನನ್ನ ಬಾಯಿಗೆ ಹಿಡಿದರು. "ತಿನ್ನೋ ಸುಬ್ಬ. ಒಗ್ಗರಣೆ ಬೇಕಾ?"

ಆಮೇಲೆ ನಗು ನಿಲ್ಲಿಸಿ, ಕೈ ತೊಳೆದುಕೊಂಡು ಬಂಗಲೆ ಕಡೆ ಹೊರಟರು. ನಾನು ಹಿಂದೆಯೇ ಓಡಿದೆ. ಮೆಟ್ಟಿಲ ಹತ್ತಿರ ತಿರುಗಿ ನಿಂತರು.

"ನೋಡು, ನಾನು ಕಿತ್ತೆ ಅಂದ್ರೆ ನನ್ನನ್ನ ನರ್ಸರಿಗೆ ಹಾಕ್ತಾರೆ. ನೀನು ಅಂದ್ರೆ ಎಸ್ಟೇಟು ಕೊಟ್ಟ ಲೈನ್ ಮನೆ ಬಿಡಿಸ್ತಾರೆ. ನಿನ್ನ ಹೆಂಡ್ತಿಗೆ ಏಳು ತಿಂಗ್ಳು. ಸುಮ್ನಿರು."

"ರಜೆಗೆ ಹೋಗುವ ಮುಂಚೆ ನಾನೇ ಕಿತ್ತೆ, ಕಣ್ಣು ಮಂಜಾಗಿತ್ತು" ಎಂದು ಅಮ್ಮಾವರಿಗೆ ಹೇಳಿದರು. ಮರುದಿನದಿಂದ ಕಾಫಿ ನರ್ಸರಿಯಲ್ಲಿ ಸಸಿ ಚೀಲಕ್ಕೆ ಮಣ್ಣು ತುಂಬಿದರು, ನಿವೃತ್ತಿಯವರೆಗೂ. ನಾನು ಹೆಡ್ ಮಾಲಿಯಾದೆ. ಅವರಿಗೆ ಕಣ್ಣು ಕಾಣಲಿಲ್ಲ, ಅದಕ್ಕೇ ಸುಬ್ಬ ಬೇಕಾಯಿತು ಎಂದು ಲೈನ್ ತುಂಬ ಹೇಳಿಕೊಂಡು ತಿರುಗಿದವನೂ ನಾನೇ.

ವಿಶಾಲಾಕ್ಷಮ್ಮಕ್ಕ — ನೀವು ಅವರನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋಗಿ ಕನ್ನಡಕ ಮಾಡಿಸಿದಿರಿ. ಮೊದಲೇ ಕಣ್ಣು ತೋರಿಸಿದ್ದರೆ ಕೆಲಸ ಉಳಿಯುತ್ತಿತ್ತು ಎಂದು ನೀವು ಬೈಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮನೆ ತಿರುವು ದಾಟಿದ ಕೂಡಲೇ ಆ ಕನ್ನಡಕ ಅವರ ಜೇಬಿಗೆ ಹೋಗುತ್ತಿತ್ತು. ನರ್ಸರಿಗೆ ಹೋದ ಮೊದಲ ದಿನವೇ, ಗೊಬ್ಬರದ ಗುಂಡಿಯ ತೇವದಲ್ಲಿ ಉಸಿರು ಉಳಿದಿದ್ದ ಮೂರು ಸಸಿಗಳನ್ನು ಅವರು ಬರಿಗಣ್ಣಿನಲ್ಲಿ ಹೆಕ್ಕಿದರು, ನರ್ಸರಿ ಹಿಂದಿನ ಕಲ್ಲುಗೋಡೆಯ ಸಂದಿಗೆ ಸಿಕ್ಕಿಸಿದರು. ಅದರದೇ ಬೀಜ ಬಿದ್ದು ಈಗಲೂ ಅಲ್ಲಿ ಹೂ ಬಿಡುತ್ತದೆ. ಇಗೋ, ಇದು ಆ ಗೋಡೆಯದು. ನಾಲ್ಕು ಎಸಳು. ಇವತ್ತು ಬೆಳಿಗ್ಗೆ ಎಣಿಸಿದೆ.

ಅಕ್ಕ, ಅವರ ಕಣ್ಣು ಸರಿಯಾಗಿತ್ತು. ಕಿತ್ತವನು ನಾನು. ಇಲ್ಲಿ ಹಾರ ಹಾಕಿಟ್ಟಿರುವ ಅವರ ಫೋಟೋದಲ್ಲಿರುವ ಕನ್ನಡಕ ನನ್ನ ಮುಖದ ಮೇಲಿರಬೇಕಿತ್ತು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕ, ನೀವು ಕೂತೇ ಇರಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ಇಪ್ಪತ್ತೆರಡು ವರ್ಷ ನಾನು ಸುಮ್ಮನಿದ್ದದ್ದು ನನ್ನ ಮನೆ ಉಳಿಯಲಿ ಎಂದು. ಈ ಒಂದು ನಿಮಿಷ — ಅವರಿಗೆ.