ಎಳೆದು ನೋಡಬೇಡಿ

ಬೇಡ ಬೇಡ, ಫ್ಯಾನ್ ಹಾಕಬೇಡಿ ಭಾವ, ಕಾಗದ ಹಾರಿಹೋಗುತ್ತೆ. ನನಗೇನು ಸೆಕೆ ಇಲ್ಲ. ಬೆವರಾ? ಇದು ಬಿಸಿಲಲ್ಲಿ ಬೈಕ್ ಓಡಿಸ್ಕೊಂಡು ಬಂದಿದ್ದಕ್ಕೆ... ನೀವು ಕೂತ್ಕೊಳ್ಳಿ. ನಿಮ್ಮ ಮನೇಲಿ ನಿಮಗೇ ನಾನು ಕೂತ್ಕೊಳ್ಳಿ ಅನ್ನೋ ಹಾಗಾಯ್ತಲ್ಲ, ನೋಡಿ! ಅಕ್ಕಾ, ನನಗೇನೂ ಬೇಡ ಕಣೇ, ಊಟ ಮುಗಿಸ್ಕೊಂಡೇ ಬಂದೆ. ...ಅಕ್ಕಾ? ಒಳಗಿದಾಳೆ ತಾನೆ? ಈಗಷ್ಟೇ ಪಾತ್ರೆ ಸದ್ದು ಕೇಳ್ತಿತ್ತು. ನನ್ನ ದನಿ ಕೇಳಿ ನಿಂತುಹೋಯ್ತು. ಇರಲಿ, ಇರಲಿ. ಗಂಡನ್ನ ಮೂರು ದಿನ ಠಾಣೇಲಿ ಕೂರಿಸಿದ್ರೆ ಯಾವ ಹೆಂಗಸಿಗೆ ಕೋಪ ಬರಲ್ಲ? ಆದ್ರೆ ಅದು ಪೊಲೀಸ್ರ ಮೇಲೆ ಬರಬೇಕಪ್ಪ, ಒಡಹುಟ್ಟಿದ ತಮ್ಮನ ಮೇಲ್ಯಾಕೆ?

ಎಲ್ಲಿದ್ದೆ... ಹಾಂ, ಕಾಗದ. ಅದಕ್ಕೂ ಮುಂಚೆ ಒಂದು ಮಾತು. ನೀವು ಕದ್ದಿಲ್ಲ. ಅದು ನನಗೆ ಗೊತ್ತು. ಯಾರ ತಲೆ ಮೇಲೆ ಬೇಕಾದ್ರೂ ಕೈ ಇಟ್ಟು ಹೇಳ್ತೀನಿ. ಆ ಎಟಿಎಂ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ನಾಲ್ಕು ವರ್ಷ ಕೂತ್ರಿ, ಕೆಳಗೆ ಬಿದ್ದ ರಸೀದಿ ಚೂರನ್ನೂ ಮನೆಗೆ ತಂದೋರಲ್ಲ. ಕಾವಲಿನ ಕೆಲಸಕ್ಕೆ ಸೇರಿಸಿದ್ದೇ ನಾನಲ್ವಾ? ಮಿಲ್ಲು ಮುಚ್ಚಿ ನೀವು ಮನೇಲಿ ಗೋಡೆ ನೋಡ್ಕೊಂಡು ಕೂತಿದ್ದಾಗ ಯಾರು ಬಂದ್ರು? ನಾನು ಬಂದೆ. 'ನಾನು ರಿಪೇರಿ ಮಾಡೋ ಯಂತ್ರಕ್ಕೇ ಕಾವಲಿಗೆ ಜನ ಬೇಕಂತೆ ಭಾವ, ಬನ್ನಿ, ಒಳಗೆ ನಾನು, ಹೊರಗೆ ನೀವು' ಅಂದೆ. ಆವತ್ತು ನಕ್ಕಿದ್ರಿ. ನೆನಪಿದೆಯಾ? ...ಇಲ್ಲ ಬಿಡಿ, ಎಲ್ಲಾ ನೆನಪಿರಲೇಬೇಕು ಅಂತೇನಿಲ್ಲ.

ಆ ಟೈಲರ್ ಹೆಂಗಸು ಬಂದು ಬಾಗಿಲಲ್ಲಿ ಕೂಗಾಡಿ ಹೋದ್ಲಂತೆ. ಕೇಳಿದೆ. ಹೊಸ ಹೊಲಿಗೆ ಮಷೀನಿಗೆ ಅಂತ ಕೂಡಿಟ್ಟಿದ್ಲಂತೆ, ಪಾಪ. ಅವಳೊಬ್ಬಳೇ ಅಲ್ಲ, ಎಪ್ಪತ್ತಮೂರು ಜನ! ಕಾರ್ಡು ಅವರವರ ಜೇಬಲ್ಲೇ ಇದೆ, ದುಡ್ಡು ಮಾತ್ರ ಎಲ್ಲೋ ಕಂಡರಿಯದ ಊರಲ್ಲಿ ಡ್ರಾ ಆಗಿದೆ. ಅವಳಿಗೇನು ಗೊತ್ತು? ದಿನಾ ಕಣ್ಣಿಗೆ ಬೀಳ್ತಿದ್ದೋರು ನೀವು. 'ಅಮ್ಮಾ, ನಂಬರ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡ್ಕೊಳ್ಳಿ' ಅಂತ ನೀವೇ ಹೇಳ್ತಿದ್ರಂತೆ. ಈಗ ಅದನ್ನೇ ಹಿಡ್ಕೊಂಡು 'ನನ್ನ ನಂಬರ್ ಮೇಲೆ ಇವನಿಗ್ಯಾಕೆ ಅಷ್ಟು ಕಣ್ಣು' ಅಂತಾಳೆ! ಒಳ್ಳೇದು ಹೇಳಿದ್ದೇ ತಪ್ಪಾಯ್ತು ನಿಮ್ಮದು.

ನೋಡಿ, ಬ್ಯಾಂಕಿಂದ ತನಿಖೆಗೆ ಬಂದಿದಾನಲ್ಲ, ಬೋಳು ತಲೆಯೋನು, ಅವನು ಕೇಳೋದು ಒಂದೇ. ಇಷ್ಟೆಲ್ಲಾ ಬಂದೋಬಸ್ತು ಇದ್ದೂ ಇದು ಹೇಗಾಯ್ತು? ನಿಜವೇ. ಎಷ್ಟೊಂದು ಮಾಡಿದೀವಿ ಭಾವ! ಕಾರ್ಡು ಹಾಕೋ ಬಾಯಿಗೆ ಹಸಿರು ಪ್ಲಾಸ್ಟಿಕ್ಕಿನ ಉಬ್ಬು ಕೂರಿಸಿದೀವಿ, ಅದರ ಮೇಲೆ ಕಳ್ಳರು ಇನ್ನೊಂದು ಸುಳ್ಳು ಬಾಯಿ ಅಂಟಿಸೋಕೆ ಕಷ್ಟ ಆಗಲಿ ಅಂತ. ಕಾರ್ಡು ಒಳಗೆ ಹೋಗುವಾಗ ತಡೆದು ತಡೆದು, ನಡುಗಿಕೊಂಡು ಹೋಗೋ ಹಾಗೆ ಮಾಡಿದೀವಿ. ಸುಳ್ಳು ಬಾಯಿ ಕಾರ್ಡನ್ನ ಓದಿ ನಕಲು ತಗೋಬೇಕಂದ್ರೆ ಅದು ಸರ್ರಂತ ನೇರ ಹೋಗಬೇಕು, ನಡುಗಿದ್ರೆ ಓದೋಕಾಗಲ್ಲ. ಗೋಡೆಗೆ ಯಂತ್ರದ ಫೋಟೋ ಅಂಟಿಸಿದೀವಿ, ಹೀಗೆ ಕಾಣದಿದ್ರೆ ತಿಳಿಸಿ ಅಂತ. ಇಷ್ಟೆಲ್ಲಾ ಆದ ಮೇಲೆ, ವಾರಕ್ಕೆ ಎರಡು ಸಲ ನಾನು ಬಂದು ಆ ಬಾಯಿ ಹಿಡಿದು ಎಳೆದು ನೋಡಬೇಕು. ಬರೀ ಕೈಯಲ್ಲಿ, ಅಷ್ಟೇ! ಅಂಟಿಸಿದ್ದಾದ್ರೆ ಕಿತ್ತುಬರುತ್ತೆ, ನಮ್ಮದಾದ್ರೆ ಅಲುಗಲ್ಲ. ಅಷ್ಟು ದೊಡ್ಡ ಯಂತ್ರ, ಕೊನೆಗೆ ಅದನ್ನ ಕಾಯೋದು ಎರಡು ಬೆರಳು.

ಹಾಗೆ ನೋಡಬೇಡಿ. ಎಳೆದು ನೋಡ್ತಿದ್ದೆ. ...ಹೆಚ್ಚುಕಮ್ಮಿ ನೋಡ್ತಿದ್ದೆ. ನನ್ನ ಪಾಲಿಗೆ ನಲವತ್ತೊಂದು ಯಂತ್ರ ಇದಾವೆ ಭಾವ, ಕೈ ಇರೋದು ಎರಡೇ.

ನಡುಕ ಅಂದಾಗ ಹುಬ್ಬು ಯಾಕೆ ಮೇಲೆ ಹೋಯ್ತು? ನಿಮಗೂ ಗೊತ್ತಾಗಿತ್ತು ಅನ್ನಿ... ಸರಿ. ನಿಮ್ಮ ಹತ್ರ ಏನು ಮುಚ್ಚುಮರೆ? ನಡುಕ ನಿಲ್ಲಿಸಿದ್ದು ನಾನೇ. ಬೇಸಿಗೇಲಿ. ದಿನಾ ದೂರು ಬರ್ತಿತ್ತಪ್ಪ! 'ನಿಮ್ಮ ಯಂತ್ರಕ್ಕೆ ಚಳಿಜ್ವರ ಬಂದಿದೆ', 'ಕಾರ್ಡು ಹಿಡ್ಕೊಂಡು ಎಳೆದಾಡುತ್ತೆ', 'ಕೆಟ್ಟಿದೆ, ಬಂದು ನೋಡಿ'. ಒಂದೊಂದು ದೂರಿಗೂ ನನ್ನ ಹೆಸರಿನ ಮುಂದೆ ಒಂದೊಂದು ಕೆಂಪು ಗುರುತು. ಅದು ನಡುಗ್ತಾ ಇದ್ರೇನೇ ಸರಿಯಾಗಿದೆ ಅಂತ ಎಷ್ಟು ಜನಕ್ಕೆ ಬಿಡಿಸಿ ಹೇಳಲಿ? ಒಳಗೆ ಹೋಗಿ ಒಂದು ಸೆಟ್ಟಿಂಗ್ ಬದಲಾಯಿಸಿದೆ. ನಡುಕ ನಿಂತುಹೋಯ್ತು, ದೂರೂ ನಿಂತುಹೋಯ್ತು. ಎಲ್ಲಾ ಮೆಕ್ಯಾನಿಕ್‌ಗಳೂ ಮಾಡ್ತಾರೆ ಭಾವ, ನಾನೊಬ್ಬನೇ ಅಲ್ಲ! ಬೋಳು ತಲೆಯೋನು ಬರೋ ಹಿಂದಿನ ದಿನ ಮತ್ತೆ ಹಾಕಿದೀನಿ. ಈಗ ಚೆನ್ನಾಗಿ ನಡುಗ್ತಿದೆ.

ಅಷ್ಟೇ. ಎಲ್ಲಾ ಹೇಳಿಬಿಟ್ಟೆ. ಇನ್ನೇನಿಲ್ಲ ನನ್ನ ಹೊಟ್ಟೇಲಿ.

ಈಗ ಕಾಗದ. ಎರಡೇ ಸಾಲು, ನಾನೇ ಓದ್ತೀನಿ. 'ಆ ವಾರ ಮಧ್ಯಾಹ್ನದ ಹೊತ್ತು ನಾನು ಯಾರಿಗೂ ತಿಳಿಸದೆ ಕಾವಲಿನ ಜಾಗ ಬಿಟ್ಟು ಹೋಗಿದ್ದೆ. ಯಂತ್ರದಲ್ಲಿ ಯಾವ ಬದಲಾವಣೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ.' ಮುಗೀತು. ಕಳ್ಳರ ಜೊತೆ ಕೈಜೋಡಿಸೋದು ಬೇರೆ, ಬೇಜವಾಬ್ದಾರಿ ಬೇರೆ. ಮೊದಲನೇದಕ್ಕೆ ಜೈಲು. ಎರಡನೇದಕ್ಕೆ ಕೆಲಸ ಹೋಗುತ್ತೆ, ಅಷ್ಟೇ. ಕೆಲಸ ಹೇಗೂ ಹೋಗಿದೆಯಲ್ಲ! ...ಗೊತ್ತು, ಗೊತ್ತು, ನೀವು ಜಾಗ ಬಿಟ್ಟು ಕದಲಿದೋರಲ್ಲ. ಊಟದ ಡಬ್ಬಿ ಕೂಡ ಸ್ಟೂಲ್ ಮೇಲೇ ಬಿಚ್ಚೋರು. ಬೀದಿ ಮಕ್ಕಳೆಲ್ಲ 'ಸ್ಟೂಲಪ್ಪ' ಅಂತ ರೇಗಿಸ್ತಿದ್ರು. ಆದ್ರೆ ಸಹಿ ಹಾಕಿದ್ರೆ ಜೈಲು ತಪ್ಪುತ್ತೆ. ನಿಮಗೋಸ್ಕರ ಬ್ಯಾಂಕಿನೋರ ಕಾಲು ಹಿಡಿದು ಬರೆಸ್ಕೊಂಡು ಬಂದಿದೀನಿ.

ಪರದೆ ಅಲುಗ್ತಿದೆ... ಅಕ್ಕ ಕೇಳಿಸ್ಕೊಳ್ತಿದಾಳೆ. ಕೇಳಿಸ್ಕೊಳ್ಳಲಿ. ನಾನು ಮೇಲ್ವಿಚಾರಕ ಆಗೋ ಮಾತು ಅವಳೇ ಹೇಳಿರಬೇಕು ನಿಮಗೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ! ಮುಂದಿನ ತಿಂಗಳಿಂದ ಹೊಸ ಕಾವಲುಗಾರರಿಗೆಲ್ಲ ನಾನೇ ಪಾಠ ಮಾಡಬೇಕಂತೆ, ಯಂತ್ರ ಹೇಗೆ ಕಾಯ್ಬೇಕು ಅಂತ... ಬಿಡಿ.

ಎರಡನೇ ಸಾಲಿನ ಮೇಲೆ ಯಾಕೆ ಬೆರಳಿಟ್ರಿ?

'ಯಾವ ಬದಲಾವಣೆಯೂ ನನ್ನ ಗಮನಕ್ಕೆ ಬಂದಿರಲಿಲ್ಲ.' ಹೌದಲ್ವಾ? ಬಂದಿರಲಿಲ್ಲ ತಾನೆ? ಠಾಣೇಲಿ ಮೂರು ದಿನ ಕೇಳಿರ್ತಾರೆ, ಏನು ನೋಡಿದೆ, ಯಾರಿಗೆ ಹೇಳಿದೆ ಅಂತ. ನೀವು ಬಾಯಿಬಿಟ್ಟಿದ್ರೆ ಜೀಪು ನನ್ನ ಮನೆ ಬಾಗಿಲಿಗೆ ಬರ್ತಿತ್ತು. ಮೊದಲನೇ ದಿನ ಕಾದೆ. ಎರಡನೇ ದಿನ ಕಾದೆ. ಬರಲಿಲ್ಲ. ಮೂರನೇ ದಿನ ಅಂದ್ಕೊಂಡೆ, ಭಾವ ಮರೆತಿದಾರೆ. ಅರವತ್ತು ದಾಟ್ತು, ಮರೆವು... ಮರೆತುಬಿಟ್ಟಿದಾರೆ.

ಯಾಕೆ ಹಾಗೆ ನೋಡ್ತೀರಾ?

ಆ ಬೆರಳು ತೆಗೀರಿ ಅಲ್ಲಿಂದ!

...ಮರೆತಿಲ್ಲ. ಅಯ್ಯೋ. ಮರೆತಿಲ್ಲ ನೀವು.

ಸೋಮವಾರ ಬೆಳಿಗ್ಗೆ ಫೋನ್ ಮಾಡಿದ್ರಿ. 'ಬಾಯಿಯ ಹಸಿರು ನಿನ್ನೆಗಿಂತ ಒಂಚೂರು ತಿಳಿಯಾಗಿ ಕಾಣ್ತಿದೆ ಕಣೋ, ಎಳೆದು ನೋಡ್ಲಾ?' ಅಂದ್ರಿ. ಮಿಲ್ಲಲ್ಲಿ ಇಪ್ಪತ್ತೆರಡು ವರ್ಷ ನೂಲಿನ ಬಣ್ಣ ನೋಡಿದ ಕಣ್ಣು, ಮೋಸ ಹೋಗುತ್ತಾ? ನಾನೇನಂದೆ? ಎಳೆದು ನೋಡಬೇಡಿ ಅಂದೆ. ಮುರಿದ್ರೆ ನಿಮ್ಮ ಸಂಬಳದಲ್ಲಿ ಹಿಡೀತಾರೆ, ಸುಮ್ಮನೆ ಕೂತಿರಿ, ಸಂಜೆ ನಾನೇ ಬರ್ತೀನಿ ಅಂದೆ. ಸಂಜೆ ಬರಲಿಲ್ಲ. ಮಂಗಳವಾರ ಮತ್ತೆ ಫೋನ್ ಮಾಡಿದ್ರಿ, ನಿಮ್ಮ ಹೆಸರು ನೋಡಿ ಎತ್ತಲಿಲ್ಲ. ಶುಕ್ರವಾರ ಬಂದೆ. ಅಷ್ಟೊತ್ತಿಗೆ ಕಳ್ಳರು, ರಾತ್ರಿ ನೀವಿಲ್ಲದ ಹೊತ್ತಲ್ಲಿ, ಅದನ್ನ ಬಿಚ್ಕೊಂಡು ಹೋಗಿದ್ರು. ಅಂಟಿನ ಕಲೆ ಮಾತ್ರ ಉಳಿದಿತ್ತು, ಅದನ್ನೂ ಒದ್ದೆ ಬಟ್ಟೇಲಿ ಒರೆಸಿದೆ. ತಪಾಸಣೆ ಹಾಳೇಲಿ ಸೋಮವಾರದ ತಾರೀಖು ಹಾಕಿ, 'ಎಳೆದು ನೋಡಲಾಗಿದೆ' ಅಂತ ಸಹಿ ಮಾಡಿದೆ. ನೀವು ಸ್ಟೂಲ್ ಮೇಲೆ ಕೂತು ನೋಡ್ತಾನೇ ಇದ್ರಿ.

ಅಂದ್ರೆ ಠಾಣೇಲಿ... ಎಲ್ಲಾ ಗೊತ್ತಿದ್ದೂ... ಮೂರು ದಿನ? ಕೆನ್ನೆ ಮೇಲಿನ ಆ ಗುರುತು... ಬಾಗಿಲು ತಾಗಿದ್ದು ಅಂದಿದ್ಲು ಅಕ್ಕ. ಬಾಗಿಲಲ್ಲ ಅಲ್ವಾ ಅದು?

ಬೈಯಿರಿ ಭಾವ. ಒಂದು ಸಲ, ಒಂದೇ ಸಲ ಬೈದುಬಿಡಿ ನನ್ನ! ಯಾರಿಗೋಸ್ಕರ ಸುಮ್ಮನಿದ್ರಿ? ಅಕ್ಕನಿಗೋಸ್ಕರನಾ? ಅಕ್ಕಾ, ನೀನಾದ್ರೂ ಹೊರಗೆ ಬಾರೆ, ಪೊರಕೆ ತಗೊಂಡು ನಾಲ್ಕು ಬಾರಿಸು. ನಿನ್ನ ತಮ್ಮನೇ ಅಲ್ವಾ ನಾನು? ...ಬರಲ್ಲ ಅವಳು. ಅವಳಿಗೂ ಗೊತ್ತು. ಮನೆಗೆಲ್ಲಾ ಗೊತ್ತಿದೆ, ನಾನೊಬ್ಬ ಇಲ್ಲಿ ಕೂತು ನಡುಕದ ಕತೆ ಹೇಳ್ತಿದೀನಿ!

ಕೊಡಿ ಕಾಗದ. ಹರಿದುಹಾಕ್ತೀನಿ. ಬ್ಯಾಂಕು ಮುಚ್ಚೋದ್ರೊಳಗೆ ನಾನೇ ಹೋಗಿ ಆ ಬೋಳು ತಲೆಯೋನ ಮುಂದೆ ನಿಂತ್ಕೊಳ್ತೀನಿ. ನಿಜ ಭಾವ, ಇವತ್ತೇ. ಆಮೇಲೆ ಏನಾದ್ರೂ ಆಗಲಿ, ನನ್ನ ಹೆಂಡತಿ ಮಕ್ಕಳು... ಏನಾದ್ರೂ ಆಗಲಿ. ಕೊಡಿ ಇಲ್ಲಿ. ...ಕನ್ನಡಕ ಯಾಕೆ ಹಾಕ್ಕೊಳ್ತಿದೀರಾ? ಬೇಡ. ಪೆನ್ನು ಯಾಕೆ ತೆಗೆದ್ರಿ? ಬೇಡ ಅಂದ್ನಲ್ಲ! ಅಕ್ಕಾ, ಕೇಳಿಸ್ಕೊಂಡ್ಯಾ, ನಾನು ಬೇಡ ಅಂತ ಹೇಳಿದೆ. ಎರಡು ಸಲ ಹೇಳಿದೆ...

ಭಾವ...

ಅಲ್ಲಲ್ಲ, ಅಲ್ಲಿ ಅಲ್ಲ. ಅದರ ಕೆಳಗೆ. ಗೀಟು ಎಳೆದಿದೆಯಲ್ಲ, ಅದರ ಮೇಲೆ. ...ತಾರೀಖೂ ಹಾಕಿಬಿಡಿ.